ಅಂಡಾಕಾರದ ವಜ್ರ: ತೂಕ ಮತ್ತು ಕಾಂತಿ

ವಿವಾಹ ನಿಶ್ಚಯದ ಸಂದರ್ಭದಲ್ಲಿ ವಧುವಿಗೆ ವಜ್ರದ ಉಂಗುರವನ್ನು ತೊಡಿಸುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ಅನಾದಿಯಿಂದ ಬಂದುದೆಂಬ ಭಾವನೆ ಸಾಮಾನ್ಯವಾಗಿದೆ. ರಾಜಮನೆತನಗಳಲ್ಲಿ ಅದು ಹಳೆಯದಾಗಿರಬಹುದು. ಜನಸಾಮಾನ್ಯರಲ್ಲಿ ಹರಡಿದುದು ಮಾತ್ರ ಈಚಿನ ಸಂಗತಿ. 1867ರಿಂದ ಮೊದಲ್ಗೊಂಡು ದಕ್ಷಿಣ ಆಫ್ರಿಕದಲ್ಲಿ ದೊರೆತ ವಜ್ರಗಳು ಪೇಟೆಯನ್ನು ತುಂಬಿದವು. 1888ರಲ್ಲಿ ಸ್ಥಾಪಿತವಾದ ಡಿ ಬಿಯರ್ಸ್ ಸಂಸ್ಥೆಯು 1938ರಲ್ಲಿ ಅಮೆರಿಕದ ಎನ್. ಡಬ್ಲ್ಯು. ಏಯರ್ ಎಂಬ ಜಾಹಿರಾತು ಸಂಸ್ಥೆಯನ್ನು ನೇಮಿಸಿಕೊಂಡಿತು. ವಜ್ರವು ಶಾಶ್ವತವೆಂಬ ಪ್ರಸಿದ್ಧ ಘೋಷವಾಕ್ಯವನ್ನು ಆ ಸಂಸ್ಥೆಯ ಫ್ರಾನ್ಸಿಸ್ ಗೆರೆಟಿ ಎಂಬಾಕೆ ರಚಿಸಿದುದು 1947ರಲ್ಲಿ. ಉಂಗುರಕ್ಕೆ ಅಂಡಾಕಾರದ ಹರಳನ್ನು ಆರಿಸುವವರ ಮುಂದಿರುವ ಪ್ರಶ್ನೆಯಾದರೋ ಇದಕ್ಕಿಂತ ಬಹಳ ಹಳೆಯದು. ತೂಕ ಮುಖ್ಯವೋ, ಕಾಂತಿ ಮುಖ್ಯವೋ ಎಂಬುದೇ ಆ ಪ್ರಶ್ನೆ. ಅದರ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಪಾಲುಂಟೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಬ್ರೆಜಿಲಿನ ಗಣಿಗಳು ಬೆಳಕಿಗೆ ಬರುವವರೆಗೆ ಜಗತ್ತಿನ ವಜ್ರಗಳಲ್ಲಿ ಬಹುಪಾಲು ಭಾರತದವೇ. ಫ್ರೆಂಚ್ ರತ್ನವ್ಯಾಪಾರಿ ಜೀನ್ ಬ್ಯಾಪ್ಟಿಸ್ಟ್ ತಾವೆರ್ನಿಯೇ 1676ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಬಿಜಾಪುರದ ಸುಲ್ತಾನರ ಆಳ್ವಿಕೆಯಲ್ಲಿದ್ದ, ಕರ್ಣಾಟಕ ಸೀಮೆಗೆ ಸೇರಿದ ಗಣಿಯೊಂದನ್ನು ವರ್ಣಿಸಿದ್ದಾನೆ. ಅಲ್ಲಿಯ ಸಾಣೆಗಾರರು ದೋಷರಹಿತವಾದ ಹರಳನ್ನು ಚಕ್ರಕ್ಕೆ ತುಸುವೇ ಸೋಕಿಸಿ ಬಿಡುತ್ತಿದ್ದರು. ತೂಕ ಕಡಿಮೆಯಾದೀತೆಂಬ ಭಯದಿಂದ ಬೇರೆ ಆಕಾರ ಕೊಡುತ್ತಿರಲಿಲ್ಲ. ಹರಳಿನಲ್ಲಿ ಬಿರುಕು ಅಥವಾ ಕಲೆಯಿದ್ದಾಗ ಮಾತ್ರ ಅದು ಕಾಣದಂತೆ ಮೈತುಂಬ ಮುಖಗಳನ್ನು ಕಡೆಯುತ್ತಿದ್ದರು. ಮೆರುಗಿನಲ್ಲಿ ಯೂರೋಪಿನವರ ಕೆಲಸವೇ ಮೇಲೆಂದು ತಾವೆರ್ನಿಯೇ ಹೇಳುತ್ತಾನೆ, ನಿಜ. ಆದರೂ ಮುಖಗಳನ್ನು ಕಡೆಯುವ ವಿದ್ಯೆಯೇ ನಮ್ಮವರಿಗೆ ತಿಳಿದಿರಲಿಲ್ಲವೆಂಬ ಅಭಿಪ್ರಾಯವು ಈ ಸಾಕ್ಷ್ಯದ ಮುಂದೆ ನಿಲ್ಲಲಾರದು. ಬಲ್ಲ ವಿದ್ಯೆಯನ್ನು ಅವರು ಒಳ್ಳೆಯ ಹರಳಿನ ಮೇಲೆ ಪ್ರಯೋಗಿಸಲು ಒಪ್ಪಲಿಲ್ಲ, ಅಷ್ಟೆ.

ತಾವೆರ್ನಿಯೇ 1665ರಲ್ಲಿ ಔರಂಗಜೇಬನ ಆಸ್ಥಾನದಲ್ಲಿ ಕಂಡ ಮಹಾವಜ್ರದ ವೃತ್ತಾಂತವೂ ಇಲ್ಲಿ ಗಮನಾರ್ಹವಾದುದು. ಆತನ ಪ್ರಕಾರ, ಸುಮಾರು 787 ಕ್ಯಾರಟ್ ತೂಗುತ್ತಿದ್ದ ಹರಳನ್ನು ಹೊರ್ಟೆನ್ಸಿಯೊ ಬೋರ್ಜಿಯೊ ಎಂಬ ವೆನಿಸ್ಸಿನ ಕುಶಲಿಯು ಸಾಣೆಹಿಡಿದಾಗ ಉಳಿದುದು ಸುಮಾರು 280 ಕ್ಯಾರಟ್ ಮಾತ್ರ. ಅವನಿಗೆ ಕೂಲಿಯ ಬದಲು ಹತ್ತು ಸಾವಿರ ರೂಪಾಯಿಗಳ ದಂಡ ಬಿದ್ದಿತು. ತಾವೆರ್ನಿಯೇ ಸಹ ಬೋರ್ಜಿಯೊನನ್ನೇ ಆಕ್ಷೇಪಿಸುತ್ತಾನೆ. ಆದಕಾರಣ ತೂಕದ ಮೇಲಣ ಮಮತೆಯು ಭಾರತೀಯರಿಗೆ ಮಾತ್ರ ವಿಶಿಷ್ಟವಾದುದೆಂದು ಹೇಳುವುದು ಯುಕ್ತವಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ ಕೊಹಿನೂರಿನದು. 1849ರ ಲಾಹೋರ್ ಒಪ್ಪಂದದ ಮೂಲಕ, ಹತ್ತು ವರ್ಷದ ಬಾಲಕನಾಗಿದ್ದ ದುಲೀಪ್ ಸಿಂಗನಿಂದ ಆಂಗ್ಲರು ಅದನ್ನು ಪಡೆದರು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ನೋಡಿದ ಜನ ನಿರಾಶರಾದರು. ಅವರು ನಿರೀಕ್ಷಿಸಿದ ಥಳಥಳಿಕೆ ಅದರಲ್ಲಿರಲಿಲ್ಲ. 1852ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಸ್ಟರ್ ಸಂಸ್ಥೆಯ ಕುಶಲಿಗಳು 38 ದಿನಗಳ ಕಾಲ ಉಗಿಯಂತ್ರದಿಂದ ತಿರುಗುವ ಸಾಣೆಯಲ್ಲಿ ಅದನ್ನು ಅಂಡಾಕಾರಕ್ಕೆ ತಂದರು. ಇಂದಿನ ಮಾನದಲ್ಲಿ ಸುಮಾರು 191 ಕ್ಯಾರಟ್ ಇದ್ದ ವಜ್ರ 105.6 ಕ್ಯಾರಟ್‌ಗೆ ಇಳಿಯಿತು. ಎಂದರೆ ನೂರಕ್ಕೆ ಸುಮಾರು 45ರಷ್ಟು ನಷ್ಟ. ಈ ಕಾರ್ಯಕ್ಕೆ ತಗುಲಿದ ವೆಚ್ಚ 8,000 ಪೌಂಡು. ಒಂದು ಆಸ್ಥಾನವು ದಂಡ ವಿಧಿಸಿದ ಬಗೆಯ ನಷ್ಟಕ್ಕೆ ಮತ್ತೊಂದು ಆಸ್ಥಾನವು ಹಣ ತೆತ್ತಿತು. ಕಾಂತಿ ಹೆಚ್ಚಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಹರಳಿನ ಹಿಂದಿನ ಆಕಾರದೊಡನೆ ಅದನ್ನು ರೂಪಿಸಿದವರ ಅಭಿರುಚಿಯ ಸಾಕ್ಷ್ಯವೂ ಪುಡಿಯಾಗಿ ಹೋಯಿತು.

ಇಂದು ಉಂಗುರಗಳಲ್ಲಿ ಕಾಣುವ ಅಂಡಾಕಾರದ ಹರಳಿಗೆ ಲಾಜಾರೆ ಕಪ್ಲಾನ್ 1950ರ ದಶಕದಲ್ಲಿ ನೀಡಿದ ರೂಪವು ಆಧಾರವೆಂದು ಹೇಳುತ್ತಾರೆ. ಅದನ್ನು ಕೊಳ್ಳುವವರು ತೂಕವನ್ನಷ್ಟೇ ನೋಡಿದರೆ ಸಾಲದು. ತೂಕ ಉಳಿಸುವ ಆಸೆಯಿಂದ ಕಡೆದ ಹರಳಿನಲ್ಲಿ ಭಾರವೆಲ್ಲ ಕೆಳಗಣ ಹೊಟ್ಟೆಯಲ್ಲಿ ಅಡಗಿರುವುದುಂಟು. ಅದಕ್ಕೆ ತೆತ್ತ ಹಣ ಕಣ್ಣಿಗೆ ಕಾಣದು. ಒಳ್ಳೆಯ ಪ್ರಮಾಣದಲ್ಲಿ ಕಡೆದುದಾದರೆ ಅದೇ ತೂಕದ ದುಂಡುಹರಳಿಗಿಂತ ಹೆಚ್ಚು ಅಗಲವಾಗಿ ತೋರುವುದು. ನಡುವೆ ಅಡ್ಡಲಾಗಿ ಚಿಟ್ಟೆಯ ರೆಕ್ಕೆಯಂತಹ ಕಪ್ಪು ನೆರಳು ಬೀಳುವುದು ಈ ಆಕಾರದ ಸ್ವಭಾವ. ಅದರ ಗಾಢತೆಯನ್ನು ಹರಳನ್ನು ಕೈಯಲ್ಲಿ ಹಿಡಿದು, ಬೇರೆಬೇರೆ ಬೆಳಕಿನಲ್ಲಿ ಹೊರಳಿಸಿ ನೋಡಿಯೇ ನಿರ್ಣಯಿಸಬೇಕು. ಉದ್ದವು ಅಗಲದ 1.3ರಿಂದ 1.5ರಷ್ಟಿರುವುದನ್ನು ಹಲವರು ಮೆಚ್ಚುತ್ತಾರೆ; ಇದು ನಿಯಮವಲ್ಲ, ಅಭಿರುಚಿ.

ಮೇಲಣ ಸಂಗತಿಗಳಿಂದ ನಮಗೆ ವ್ಯಕ್ತವಾಗುವುದಿಷ್ಟು: ವಜ್ರದ ಬೆಲೆಯನ್ನು ನಿರ್ಧರಿಸುವ ಗುಣವು ಎಲ್ಲ ಕಾಲಕ್ಕೂ ಒಂದೇ ಆಗಿಲ್ಲ. ಕರ್ಣಾಟಕ ಸೀಮೆಯ ಸಾಣೆಗಾರನ ಸಂಯಮವನ್ನು ಅಜ್ಞಾನವೆಂದು ಬರೆಯುವ ಇತಿಹಾಸವು ಒಂದು ಕಾಲದ ಅಭಿರುಚಿಯನ್ನು ಸರ್ವಕಾಲದ ಅಳತೆಗೋಲಾಗಿ ಮಾಡಿಕೊಂಡಿದೆ. ವಿದ್ಯಾರ್ಥಿಗಳು ಕರಕುಶಲ ವಿದ್ಯೆಗಳ ಚರಿತ್ರೆಯನ್ನು ಅಭ್ಯಾಸಮಾಡುವಾಗ, ಕುಶಲಿಯು ಏನನ್ನು ಮಾಡಿದನೆಂಬುದರೊಡನೆ ಏನನ್ನು ಬೇಕೆಂದೇ ಮಾಡದೆ ಬಿಟ್ಟನೆಂಬುದನ್ನೂ ವಿಚಾರಿಸುವುದು ಅವಶ್ಯಕ.