ಪಡುಗಡಲ ದಂಡೆಯ ಹೆದ್ದಾರಿ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ, ಅದರಲ್ಲಿಯೂ ಉತ್ತರ ಕನ್ನಡ ಮತ್ತು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಗಳಿಂದ ಬಂದವರಲ್ಲಿ, ಊರಿಗೆ ಹೋಗುವ ದಾರಿಯ ಮಾತನ್ನು ಎತ್ತದವರು ವಿರಳ. ಮೇ ತಿಂಗಳು ಹತ್ತಿರವಾಯಿತೆಂದರೆ ಬಸ್ಸೋ ರೈಲೋ, ಘಟ್ಟದ ಮೇಲಣ ದಾರಿಯೋ ಗೋವೆಯ ದಾರಿಯೋ ಎಂಬ ಚರ್ಚೆ ಮನೆಮನೆಯಲ್ಲಿ ನಡೆಯುತ್ತದೆ. ಆ ದಾರಿಗೂ ಒಂದು ಚರಿತ್ರೆಯುಂಟೆಂಬುದು ಮಾತ್ರ ನಮಗೆ ಅಷ್ಟಾಗಿ ನೆನಪಾಗುವುದಿಲ್ಲ. ಪನ್ವೇಲಿನಲ್ಲಿ ಹೊರಟು, ಕೊಂಕಣ, ಗೋವೆ, ಕಾರವಾರ, ಮಂಗಳೂರು, ಕಲ್ಲಿಕೋಟೆ, ಕೊಚ್ಚಿಗಳನ್ನು ಹಾದು ಕನ್ಯಾಕುಮಾರಿಯನ್ನು ಮುಟ್ಟುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಉದ್ದ ಸುಮಾರು 1,600 ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು ಮಾಜಾಳಿಯಿಂದ ತಲಪಾಡಿಯವರೆಗೆ ಸುಮಾರು 280 ಕಿಲೋಮೀಟರ್. ನಕಾಶೆಯಲ್ಲಿ ನೋಡಿದವರಿಗೆ, ಕಡಲ ಅಂಚಿಗೆ ಹೊಲಿದಂತಿರುವ ಈ ರಸ್ತೆ ರಾಜಮಹಾರಾಜರ ಕಾಲದಿಂದಲೂ ಇದ್ದಿರಬೇಕೆಂದು ತೋರುತ್ತದೆ. ನಿಜಸ್ಥಿತಿ ಹಾಗಿಲ್ಲ. ಹೊಳೆಯಲ್ಲಿ ದೋಣಿ ಹತ್ತದೆ ಈ ದಾರಿಯಲ್ಲಿ ಮುಂಬಯಿಯಿಂದ ಮಂಗಳೂರಿಗೆ ಹೋಗಲು ಸಾಧ್ಯವಾದದ್ದು 1980ರ ದಶಕದಲ್ಲಿ. ಈ ಲೇಖನವನ್ನು ಓದುತ್ತಿರುವ ಎಷ್ಟೋ ಮಂದಿ ಅದಕ್ಕಿಂತ ಹಿರಿಯರು!

ಏಕೆ ಇಷ್ಟು ತಡವಾಯಿತು? ಮೊದಲನೆಯ ಕಾರಣ ನಮ್ಮ ಹೊಳೆಗಳು. ತೆಂಕಣದಿಂದ ಎಣಿಸುತ್ತ ಬಂದರೆ ನೇತ್ರಾವತಿ, ಗುರುಪುರ ಹೊಳೆ, ಪಾವಂಜೆಯ ನಂದಿನಿ, ಮೂಲ್ಕಿಯ ಶಾಂಭವಿ, ಉದ್ಯಾವರ ಹೊಳೆ, ಕಲ್ಯಾಣಪುರದ ಸ್ವರ್ಣೆ, ಮಾಬುಕಳದ ಸೀತೆ, ಕುಂದಾಪುರದ ಬಳಿ ಒಂದಾಗುವ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ಅಘನಾಶಿನಿ, ಗಂಗಾವಳಿ, ಕಾರವಾರದ ಕಾಳಿ. ಇವುಗಳ ನಡುವಣ ಸಣ್ಣಪುಟ್ಟ ಹಳ್ಳಕೊಳ್ಳಗಳ ಲೆಕ್ಕ ಬೇರೆ. ಘಟ್ಟದಿಂದ ಧುಮುಕಿ ಕೆಲವೇ ಮೈಲಿಗಳಲ್ಲಿ ಕಡಲು ಸೇರುವ ಈ ಹೊಳೆಗಳು ಅಳಿವೆಯ ಹತ್ತಿರ ಬಹಳ ಅಗಲವಾಗುತ್ತವೆ. ಭರತ ಇಳಿತಗಳು ಒಳನಾಡಿನವರೆಗೂ ಮುಟ್ಟುತ್ತವೆ. ನಾಲ್ಕು ತಿಂಗಳಲ್ಲಿ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ಅವುಗಳ ರೂಪವೇ ಬೇರೆ. ಸಾಲದುದಕ್ಕೆ ಕಾರವಾರದ ಕಡೆಯಲ್ಲಿ ಸಹ್ಯಾದ್ರಿಯ ತೋಳುಗಳು ನೇರವಾಗಿ ಸಮುದ್ರಕ್ಕೇ ಇಳಿದಿವೆ.

ಕಾಲುದಾರಿ ಮಾತ್ರ ಪುರಾತನವಾದದ್ದು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತಾ, ಗೋವೆಯಿಂದ ಕೊಲ್ಲಮ್‌ವರೆಗೆ ಎರಡು ತಿಂಗಳ ದಾರಿಯುಂಟೆಂದೂ, ಅದು ಉದ್ದಕ್ಕೂ ಮರಗಳ ನೆರಳಿನಲ್ಲಿಯೇ ಸಾಗುವುದೆಂದೂ, ಅರ್ಧರ್ಧ ಮೈಲಿಗೊಂದು ತಂಗುಮನೆ ಇರುವುದೆಂದೂ ಬರೆದಿದ್ದಾನೆ. ಸವಾರಿಯ ಪ್ರಾಣಿಗಳು ಕಾಣವು, ಸರಕನ್ನೆಲ್ಲ ಆಳುಗಳೇ ಹೊತ್ತು ಸಾಗಿಸುತ್ತಾರೆ ಎಂದೂ ಹೇಳುತ್ತಾನೆ. (ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆಂದೇ ಹದಿಮೂರು ಶಾಲೆಗಳನ್ನು ಕಂಡೆನೆಂದು ಬರೆದವನೂ ಇವನೇ. ನಮ್ಮ ಹೊನ್ನಾವರದವರು ಈ ಮಾತನ್ನು ಸಂದರ್ಭ ಸಿಕ್ಕಿದಾಗಲೆಲ್ಲ ಹೇಳುತ್ತಾರೆ, ಹೇಳಲಿ.) ಅಂದರೆ ನಡೆಯುವವನಿಗೆ ದಾರಿಯಿತ್ತು, ಗಾಡಿಗೆ ಇರಲಿಲ್ಲ. ಗಾಡಿಯ ಕೆಲಸವನ್ನು ಕಡಲೇ ಮಾಡುತ್ತಿತ್ತು. ಅಕ್ಕಿ, ಹೆಂಚು, ಮೆಣಸು, ತೆಂಗು ಎಲ್ಲವೂ ಮಚವೆಗಳಲ್ಲಿ ಬಂದರಿನಿಂದ ಬಂದರಿಗೆ ಸಾಗುತ್ತಿದ್ದವು. ಭಟ್ಕಳದವನಿಗೆ ಪಕ್ಕದ ಊರಿಗಿಂತ ಮುಂಬಯಿಯ ಬಂದರೇ ಹತ್ತಿರವೆನಿಸಿದ್ದರೆ ಆಶ್ಚರ್ಯವಿಲ್ಲ.

ಇಂಗ್ಲಿಷರ ಆಳಿಕೆಯಲ್ಲಿ ರಸ್ತೆಗಳೇನೋ ಆದವು. ಆದರೆ ಅವು ಮೂಡಣದಿಂದ ಪಡುವಣಕ್ಕೆ, ಘಟ್ಟದಿಂದ ಬಂದರಿಗೆ ಇಳಿದ ರಸ್ತೆಗಳು. ಅವರಿಗೆ ಬೇಕಾಗಿದ್ದದ್ದು ಬಯಲುಸೀಮೆಯ ಹತ್ತಿ, ಮಲೆನಾಡಿನ ಕಾಫಿ. ಧಾರವಾಡದ ಕಡೆಯ ಹತ್ತಿ ಕುಮಟೆಯ ಬಂದರಿನಿಂದ ಹೊರಡುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು ಬಿದ್ದಿತು. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಊರಿನ ಹೆಸರು! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬಾರದಾದಾಗ, ಕಾರವಾರವನ್ನು ದೊಡ್ಡ ಬಂದರು ಮಾಡಬೇಕೆಂಬ ಹುರುಪು ಹುಟ್ಟಿತು. ಒಂದಾಗಿದ್ದ ಕನ್ನಡ ಜಿಲ್ಲೆಯನ್ನು 1860ರ ಹೊತ್ತಿಗೆ ಎರಡು ಮಾಡಿ, 1862ರಲ್ಲಿ ಬಡಗಣ ಭಾಗವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿಯ ಭರಾಟೆ ಕೆಲವೇ ವರುಷಗಳಲ್ಲಿ ಇಳಿಯಿತು. 1880ರ ದಶಕದಲ್ಲಿ ಗೋವೆಯ ಮುರಗಾವಿಗೆ ರೈಲು ಬಂದು ಕಾರವಾರದ ವ್ಯಾಪಾರವನ್ನೂ ಎಳೆದುಕೊಂಡಿತು. ಉಳಿದದ್ದು ಗಡಿ ಮಾತ್ರ.

ಈ ಗಡಿಯೇ ತಡವಾದುದಕ್ಕೆ ಎರಡನೆಯ ಕಾರಣ, ನನ್ನ ಎಣಿಕೆಯಲ್ಲಿ ಹೊಳೆಗಳಿಗಿಂತಲೂ ದೊಡ್ಡ ಕಾರಣ. ಮಂಗಳೂರು, ಉಡುಪಿ, ಕುಂದಾಪುರಗಳು ಮದರಾಸು ಸರಕಾರಕ್ಕೆ, ಭಟ್ಕಳದಿಂದ ಕಾರವಾರದವರೆಗೆ ಮುಂಬಯಿ ಸರಕಾರಕ್ಕೆ, ಅಲ್ಲಿಂದಾಚೆ ಪೋರ್ಚುಗೀಸರಿಗೆ. ಮದರಾಸಿನಲ್ಲಿ ಕುಳಿತ ಅಧಿಕಾರಿಗೆ ಬೈಂದೂರು ಪ್ರಾಂತದ ಕೊನೆಯ ಮೂಲೆ. ಮುಂಬಯಿಯ ಅಧಿಕಾರಿಗೆ ಭಟ್ಕಳವೂ ಹಾಗೆಯೇ. ಇಬ್ಬರ ಕೊನೆಗಳೂ ಕೂಡುವಲ್ಲಿ ದೊಡ್ಡ ರಸ್ತೆ ಯಾರಿಗೆ ಬೇಕು? 1943ರಲ್ಲಿ ನಾಗಪುರದಲ್ಲಿ ಮುಖ್ಯ ಇಂಜಿನಿಯರುಗಳು ಸೇರಿ ದೇಶಕ್ಕೆಲ್ಲ ರಸ್ತೆಯ ಯೋಜನೆ ಹಾಕಿದರು. ಆದರೆ ಮುಂಬಯಿಯಿಂದ ತೆಂಕಣಕ್ಕೆ ಬರುವ ಹೆದ್ದಾರಿಯೆಂದು ಹೆಸರಾದದ್ದು ಪುಣೆ, ಬೆಳಗಾವಿ, ಹುಬ್ಬಳ್ಳಿಗಳ ಮೇಲಣ ದಾರಿಯೇ. ಕರಾವಳಿಯ ಸರದಿ ಇನ್ನೂ ದೂರವಿತ್ತು.

ಆ ಕಾಲದ ಪ್ರಯಾಣ ಹೇಗಿತ್ತೆಂಬುದನ್ನು ಹಿರಿಯರ ಬಾಯಿಂದ ಕೇಳದವರಿಲ್ಲ. ಮಂಗಳೂರಿನಲ್ಲಿ 1914ರಲ್ಲಿಯೇ ಸಿ.ಪಿ.ಸಿ. ಕಂಪೆನಿ ಹುಟ್ಟಿ ಮೋಟಾರು ಬಸ್ಸುಗಳು ಓಡತೊಡಗಿದ್ದವು. ಆಮೇಲೆ ಶಂಕರ ವಿಠಲ, ಹನುಮಾನ್ ಮುಂತಾದ ಹೆಸರುಗಳು ಮನೆಮಾತಾದವು. ಆದರೆ ಬಸ್ಸು ಓಡುತ್ತಿದ್ದುದು ಹೊಳೆಯ ದಡದ ತನಕ. ಅಲ್ಲಿ ಇಳಿದು, ಗಂಟುಮೂಟೆ ಹೊತ್ತು, ತಾರಿಯ ದೋಣಿಯಲ್ಲಿ ದಾಟಿ, ಆಚೆಯ ದಡದಲ್ಲಿ ಇನ್ನೊಂದು ಬಸ್ಸು ಹತ್ತಬೇಕು. ವಾಹನವನ್ನೇ ದಾಟಿಸಬೇಕಾದರೆ ಜಂಗಲ್, ಅಂದರೆ ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ್ದು. ಮಳೆಗಾಲದ ನೆರೆಯಲ್ಲಿ ಅದೂ ನಿಲ್ಲುತ್ತಿತ್ತು. ಮುಂಬಯಿಗೆ ಹೊರಟವರು ಬೇಸಗೆಯಲ್ಲಿ ಉಗಿಹಡಗನ್ನು ನೆಚ್ಚುತ್ತಿದ್ದರು. ಮಂಗಳೂರಿನ ಹಳೆಯ ಬಂದರು ಆಳವಿಲ್ಲದ್ದರಿಂದ ಹಡಗು ದೂರದ ಕಡಲಲ್ಲಿ ನಿಲ್ಲುವುದು, ಜನ ದೋಣಿಯಲ್ಲಿ ಹೋಗಿ ಹತ್ತುವುದು. ಜೂನಿನಲ್ಲಿ ಮಳೆ ಹಿಡಿದರೆ ಹಡಗೂ ಇಲ್ಲ. ಆಗ ಘಟ್ಟ ಹತ್ತಿ ಹುಬ್ಬಳ್ಳಿಗೋ ಕಡೂರಿಗೋ ಹೋಗಿ ರೈಲು ಹಿಡಿಯಬೇಕು. ಊರಿನಲ್ಲಿ ತಾಯಿ ತೀರಿಕೊಂಡಳೆಂಬ ತಂತಿ ಆಷಾಢದಲ್ಲಿ ಬಂದರೆ, ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗ ಬೊಜ್ಜಕ್ಕೆ ಮುಟ್ಟುವುದೂ ದುಸ್ತರ. ಎಷ್ಟೋ ಮಂದಿ ಇಲ್ಲಿಯೇ ತಲೆಗೆ ನೀರು ಹೊಯ್ದುಕೊಂಡು ಮರುದಿನ ಕೆಲಸಕ್ಕೆ ಹೋದರು.

ಸ್ವಾತಂತ್ರ್ಯದ ಬಳಿಕ, ಪಂಚವಾರ್ಷಿಕ ಯೋಜನೆಗಳ ಆರಂಭದ ವರುಷಗಳಲ್ಲಿ, ‘ಪಶ್ಚಿಮ ಕರಾವಳಿ ರಸ್ತೆ’ ಎಂಬ ಹೆಸರಿನಿಂದ ಇದನ್ನು ಕೇಂದ್ರ ಸರಕಾರದ ಸಹಾಯಕ್ಕೆ ಸೇರಿಸಿದರು. 1956ರ ನವಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಎರಡೂ ಕನ್ನಡ ಜಿಲ್ಲೆಗಳು, ತೊಂಬತ್ತನಾಲ್ಕು ವರುಷಗಳ ತರುವಾಯ, ಮತ್ತೆ ಒಂದೇ ಸರಕಾರದ ಕೆಳಗೆ ಬಂದವು. ರಾಜ್ಯೋತ್ಸವದಂದು ನಾವು ಭಾಷೆಯ ಮಾತನ್ನು ಆಡುತ್ತೇವೆ. ಆದರೆ ಭಟ್ಕಳ ಬೈಂದೂರುಗಳ ನಡುವೆ ಒಂದು ಹೊಳೆಗೆ ಸೇತುವೆ ಬೇಕಾದರೆ ಇನ್ನು ಒಂದೇ ಕಡೆಯಲ್ಲಿ ಅರ್ಜಿ ಕೊಟ್ಟರೆ ಸಾಕೆಂಬುದೂ ಏಕೀಕರಣದ ಫಲವೇ. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಗಿ ತಲಪಾಡಿಯಲ್ಲಿ ಹೊಸ ಗಡಿ ಬಿದ್ದಿತು. ಆ ಗಡಿಯ ಬಿಸಿ ನಮಗೆ ತಟ್ಟಿದ್ದು 2020ರ ವಸಂತದಲ್ಲಿ, ಕೋವಿಡ್ ಕಾಲದಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ಈಚೆಗೆ ಬರಲಾರದೆ ಹೋದರು, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಬಡಗಣ ತುದಿಯಲ್ಲಿ ಗೋವೆಯದು ಬೇರೆಯೇ ಕತೆ. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಮೇಲೆ ಸಂಚಾರ ಕಡಿದುಹೋಯಿತು. ಕಾರವಾರದ ರಸ್ತೆ ಮಾಜಾಳಿಯಲ್ಲಿ ಕುರುಡುಗಲ್ಲಿಯಂತೆ ನಿಂತಿತು. 1961ರ ದಶಂಬರದಲ್ಲಿ ಗೋವೆ ಬಿಡುಗಡೆಯಾದಾಗ ದಾರಿಯೇನೋ ತೆರೆಯಿತು, ಸೇತುವೆಗಳಿರಲಿಲ್ಲ. ಒಂದೊಂದಾಗಿ ಹೊಳೆಗಳಿಗೆ ಸೇತುವೆ ಬೀಳುತ್ತ, ರಸ್ತೆಗೆ 17ನೆಯ ರಾಷ್ಟ್ರೀಯ ಹೆದ್ದಾರಿಯೆಂಬ ಅಂಕಿ ಬಂದಿತು. ಆ ಅಂಕಿ 2010ರಲ್ಲಿ 66 ಆಯಿತಾದರೂ ನಮ್ಮ ಬಾಯಿಗೆ ಇನ್ನೂ ‘ಹದಿನೇಳೇ’ ಸುಲಭ. 1974ರಲ್ಲಿ ಪಣಂಬೂರಿನ ಹೊಸ ಬಂದರು ಮುಖ್ಯ ಬಂದರೆನಿಸಿದ ಮೇಲೆ ಲಾರಿಗಳ ಓಡಾಟ ಹೆಚ್ಚಿತು. ಕಡೆಗೆ 1983ರ ಸುಮಾರಿಗೆ ಕಾರವಾರದ ಕಾಳಿಗೂ ಗೋವೆಯ ಜುವಾರಿಗೂ ಸೇತುವೆಗಳಾದವು. ಮುಂಬಯಿಯ ಬಸ್ಸು ಮಂಗಳೂರಿಗೆ ನೆಟ್ಟಗೆ ಹೋಯಿತು. ಈ ಭಾಗ್ಯ ಮೂರು ವರುಷ ನಿಂತಿತು. 1986ರ ಜುಲೈ 5ರಂದು ಪಣಜಿಯ ಮಾಂಡವಿ ಸೇತುವೆ ಕುಸಿಯಿತು, ಮತ್ತೆ ಫೆರಿಯ ಸಾಲು.

ರೈಲಿನ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೆ ಬೇರೆಯೇ ಲೇಖನ ಬೇಕು. ಮಂಗಳೂರಿಗೆ 1907ರಲ್ಲಿಯೇ ರೈಲು ಬಂದಿದ್ದರೂ ಅದರಲ್ಲಿ ಮುಂಬಯಿಗೆ ಹೋಗುವುದೆಂದರೆ ಪಾಲಕ್ಕಾಡು, ಗುಂತಕಲ್ಲು, ರಾಯಚೂರು ಸುತ್ತಿ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ಣವಾದ ಮೇಲೆ ಅದು ಒಂಬೈನೂರು ಚಿಲ್ಲರೆಗೆ ಇಳಿಯಿತು. ಹೊನ್ನಾವರದ ಶರಾವತಿಯ ಮೇಲಣ ರೈಲು ಸೇತುವೆಯೇ ಎರಡು ಕಿಲೋಮೀಟರ್ ಉದ್ದ. ಹಿಂದಿನವರು ಏಕೆ ಹಿಂಜರಿದರೆಂಬುದು ಅದನ್ನು ದಾಟುವಾಗ ಮನದಟ್ಟಾಗುತ್ತದೆ.

ಇನ್ನು ನಾಲ್ಕು ಪಥದ ಕಾಲ. ತಲಪಾಡಿಯಿಂದ ಕುಂದಾಪುರದವರೆಗಿನ 90 ಕಿಲೋಮೀಟರಿನ ಕೆಲಸ 2010ರ ಸುಮಾರಿಗೆ ಆರಂಭವಾಯಿತು. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ಅದರೊಡನೆಯೇ ಹೊರಟು, 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯಿತು. ಅಷ್ಟರಲ್ಲಿ ಅದರ ಮೇಲೆ ಕಟ್ಟಿದ ಹಾಸ್ಯದ ಮಾತುಗಳನ್ನು ಕೂಡಿಸಿದರೆ ಒಂದು ಪುಸ್ತಕವಾದೀತು. ಸುರತ್ಕಲ್ಲಿನ ಸುಂಕದ ಕಟ್ಟೆಯ ವಿರುದ್ಧ ಜನ ದೀರ್ಘಕಾಲ ಹೋರಾಡಿ 2022ರ ದಶಂಬರದಲ್ಲಿ ಅದನ್ನು ಮುಚ್ಚಿಸಿದರು. ಕುಂದಾಪುರದಿಂದ ಗೋವೆಯ ಗಡಿಯವರೆಗಿನ ಸುಮಾರು 190 ಕಿಲೋಮೀಟರ್ ಕೆಲಸ ಅದರ ಬಳಿಕ ಹಿಡಿದದ್ದು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ. ಕಾರವಾರ ಅಂಕೋಲೆಗಳಲ್ಲಿ ಒಂದು ಕಡೆ ನೀರು, ಇನ್ನೊಂದು ಕಡೆ ಗುಡ್ಡ. ಹಳೆಯ ರಸ್ತೆ ಗುಡ್ಡವನ್ನು ಬಳಸಿ ಹೋಗುತ್ತಿತ್ತು. ಹೊಸದು ಗುಡ್ಡವನ್ನು ಕಡಿದು ನೆಟ್ಟಗಾಯಿತು. ವೇಗ ಹೆಚ್ಚಿತು, ನಿಜ. ಆದರೆ ಮುರಕಲ್ಲು ಮಣ್ಣಿನ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿದರೆ ಮಳೆಗಾಲದಲ್ಲಿ ಏನಾಗುವುದೆಂಬುದು ಊರಿನಲ್ಲಿ ಬಾವಿ ತೋಡುವ ಆಳಿಗೂ ಗೊತ್ತು.

2024ರ ಜುಲೈ 16ರ ಬೆಳಗ್ಗೆ ಅಂಕೋಲೆಯ ಶಿರೂರಿನಲ್ಲಿ (ಬೈಂದೂರಿನ ಆಚೆಯ ಶಿರೂರು ಬೇರೆ) ಗುಡ್ಡ ಜಾರಿ ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಬಿದ್ದಿತು. ರಸ್ತೆಯ ಪಕ್ಕದ ಚಹಾದಂಗಡಿಯ ಸಂಸಾರ, ಅಲ್ಲಿ ಲಾರಿ ನಿಲ್ಲಿಸಿದ್ದವರು ಕೊಚ್ಚಿಹೋದರು. ಮಣ್ಣಿನ ಹೊಡೆತಕ್ಕೆ ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಕೇರಳದ ಒಬ್ಬ ಲಾರಿ ಚಾಲಕನ ಶರೀರ ಹೊಳೆಯ ಅಡಿಯಲ್ಲಿ ಅವನ ಲಾರಿಯೊಳಗೇ ಸಿಕ್ಕಿದ್ದು ಸಪ್ಟಂಬರ 25ರಂದು. ಎರಡು ತಿಂಗಳಿಗೂ ಹೆಚ್ಚು ಕಾಲ ಎರಡು ರಾಜ್ಯಗಳ ಜನ ದಿನವೂ ಆ ಹೊಳೆಯ ಸುದ್ದಿ ಕೇಳುತ್ತಿದ್ದರು. ಗುಡ್ಡವನ್ನು ಕಡಿದ ರೀತಿಯನ್ನು ತಜ್ಞರು ಆಕ್ಷೇಪಿಸಿದರು.

ಆ ಹುಡುಕಾಟ ಇನ್ನೂ ಮುಗಿದಿರಲಿಲ್ಲ. ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಕುಸಿಯಿತು, ಮುಂಬಯಿಗೂ ಮಂಗಳೂರಿಗೂ ನೆಟ್ಟಗೆ ದಾರಿ ಮಾಡಿಕೊಟ್ಟಿದ್ದ ಅದೇ ಸೇತುವೆ. ಅದರ ಮೇಲಿದ್ದುದು ಒಂದೇ ಲಾರಿ. ಹೊಳೆಗೆ ಬಿದ್ದ ಚಾಲಕನನ್ನು ಮೀನುಗಾರರೂ ಪೋಲೀಸರೂ ಸೇರಿ ಜೀವಂತವಾಗಿ ಎತ್ತಿದರು. ಹಗಲಾಗಿದ್ದರೆ ಏನಾಗುತ್ತಿತ್ತೋ! ಪಕ್ಕದಲ್ಲಿಯೇ ನಾಲ್ಕು ಪಥಕ್ಕೆಂದು ಕಟ್ಟಿದ್ದ ಹೊಸ ಸೇತುವೆಯ ಮೇಲೆ ಎರಡೂ ಕಡೆಯ ವಾಹನಗಳನ್ನು ಬಿಟ್ಟರು. ಆ ವರುಷದ ಚೌತಿಗೆ ಊರಿಗೆ ಹೊರಟ ಮುಂಬಯಿಯವರು ಅದರ ಮೇಲೆಯೇ ನಿಧಾನವಾಗಿ, ಒಂದರ ಹಿಂದೊಂದರಂತೆ ಸಾಲುಗಟ್ಟಿ, ಕೆಳಗೆ ಕಾಳಿಯಲ್ಲಿ ಮುರಿದುಬಿದ್ದಿದ್ದ ಹಳೆಯ ಸೇತುವೆಯ ತುಂಡುಗಳನ್ನು ನೋಡುತ್ತ ದಾಟಿದರು.