ಸೆರಗು

ದೊಡ್ಡಬಳ್ಳಾಪುರದ ನೇಕಾರರಿಗೆ ಸೀರೆಯೆಂದರೆ ಒಡಲು, ಅಂಚು, ಸೆರಗು. ಒಡಲಿನ ನೇಯ್ಗೆ ಮುಗಿದು ಸೆರಗಿಗೆ ಬಂದಾಗ ಹೊಕ್ಕಿನ ಬಣ್ಣ ಬದಲಾಗುತ್ತದೆ, ಜರಿ ಸೇರುತ್ತದೆ. ಹೆಣ್ಣಿನ ಮೈಯನ್ನೂ ಹೊಟ್ಟೆಯನ್ನೂ ಒಡಲೆಂದೇ ಕರೆಯುವ ನುಡಿ ನಮ್ಮದು. ಒಡಲ ನೋವನ್ನು ಮುಚ್ಚಿಡುವ ಕೆಲಸ ಮಾತ್ರ ಸೆರಗಿನ ಪಾಲಿಗೆ ಬಂದಿದೆ.

ಪದ ಹಳೆಯದು. ಹಳಗನ್ನಡದಲ್ಲಿ ಇದು ಶಕಟರೇಫದ ‘ಸೆಱಗು’. ನಮ್ಮ ‘ಸೆರೆ’ಗೆ ತೆಲುಗಿನ ‘ಚೆರ’ ಇರುವಂತೆ ಸೆರಗಿಗೆ ‘ಚೆರಗು’ ಇದೆ. ಬಟ್ಟೆಯ ತುದಿ ಎಂಬ ಅರ್ಥ ಅಲ್ಲಿಗೇ ನಿಲ್ಲದೆ ಊರ ಸೆರಗು, ಕಾಡಿನ ಸೆರಗು ಎಂದು ನೆಲಕ್ಕೂ ಹಬ್ಬಿತು. ಸೆರಗೊಡ್ಡಿ ಬೇಡುವುದರಲ್ಲಿ ದೈನ್ಯವಾಯಿತು, ಸೆರಗಿನ ಮರೆ ಎಂಬಲ್ಲಿ ಆಸರೆಯಾಯಿತು. ಕೊನೆಗೆ ಕಾಯಿಲೆಯೊಂದಕ್ಕೂ ಹೆಸರಾಯಿತು: ಬಿಳಿಸೆರಗು. ಮೈಯ ಹೆಸರೆತ್ತದೆ ಬಟ್ಟೆಯ ಹೆಸರಲ್ಲೇ ಸಂಕಟ ಹೇಳಿಕೊಳ್ಳಲು ಹೆಂಗಸರಿಗೆ ಸಿಕ್ಕ ಮಾತು ಅದು.

ಹರೆಯದಲ್ಲಿ ಒದಗಿಬಂದ ಈ ಮಾತು ಮುಪ್ಪಿನಲ್ಲಿ ಮೋಸ ಮಾಡಬಹುದು. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಅಜ್ಜಿಗೆ ಮತ್ತೆ ಸ್ರಾವ ಕಂಡರೆ ಮನೆಯವರು ಅದನ್ನೂ ಬಿಳಿಸೆರಗೆಂದೇ ತಿಳಿಯುತ್ತಾರೆ. ಅಜ್ಜಿಯೂ “ಈ ವಯಸ್ನಾಗೆ ಇದನ್ನ ಯಾರತ್ರ ಹೇಳ್ಕೊಳ್ಳಾದು” ಎಂದು ಸುಮ್ಮನಾಗುತ್ತಾಳೆ. ಆದರೆ ಅದು ಕೀವಾಗಿರಬಹುದು. ವಯಸ್ಸಿನಿಂದ ಗರ್ಭಕೋಶದ ಬಾಯಿ ಕಿರಿದಾದರೆ, ಗಡ್ಡೆಯೋ ಕ್ಯಾನ್ಸರೋ ಅಡ್ಡವಾದರೆ, ಹಿಂದೆ ಕೊಟ್ಟ ವಿಕಿರಣ ಚಿಕಿತ್ಸೆಯಿಂದ ಬಾಯಿ ಬಿಗಿದುಕೊಂಡರೆ, ಒಳಗಿನ ದ್ರವ ಹೊರಬರಲಾರದೆ ಸೋಂಕು ತಗುಲಿ ಕೀವು ತುಂಬಿಕೊಳ್ಳುತ್ತದೆ. ವೈದ್ಯರು ಇದನ್ನು ಪಯೋಮೆಟ್ರಾ ಎನ್ನುತ್ತಾರೆ. ಅಪರೂಪದ ಕಾಯಿಲೆ. ವಾಸನೆಯ ಸ್ರಾವ, ರಕ್ತ, ಕೆಳಹೊಟ್ಟೆ ನೋವು ಇದರ ಲಕ್ಷಣಗಳು. ಹಲವರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ತೀರ ವಿರಳವಾಗಿ ಗರ್ಭಕೋಶವೇ ಒಡೆದು ಕೀವು ಹೊಟ್ಟೆಯೊಳಗೆಲ್ಲ ಹರಡುತ್ತದೆ. ಆಗ ಕರುಳು ತೂತಾಗಿದೆಯೆಂದು ವೈದ್ಯರೇ ಭಾವಿಸುವುದುಂಟು. ತುರ್ತು ಶಸ್ತ್ರಚಿಕಿತ್ಸೆಯಾಗದಿದ್ದರೆ ಜೀವಕ್ಕೇ ಅಪಾಯ.

ಮೊದಲೇ ತಿಳಿದರೆ ದಾರಿ ಸುಲಭ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದೊಳಗೆ ನಿಂತ ದ್ರವ ಕಾಣುತ್ತದೆ. ಬಾಯಿಯನ್ನು ಹಿಗ್ಗಿಸಿ ಕೀವು ಬಸಿದು ಆಂಟಿಬಯೋಟಿಕ್ ಕೊಡುತ್ತಾರೆ. ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಒಳಪದರದ ಚೂರನ್ನು ಪರೀಕ್ಷೆಗೆ ಕಳಿಸುತ್ತಾರೆ.

ಮುಟ್ಟು ನಿಂತ ಮೇಲೆ ಕಾಣುವ ರಕ್ತವನ್ನಾಗಲಿ ವಾಸನೆಯ ಸ್ರಾವವನ್ನಾಗಲಿ ವಯಸ್ಸಿನ ಸಹಜವೆಂದು ಬಿಡಬಾರದು. ಸೊಸೆ, ಮಗಳು, ಆಶಾ ಕಾರ್ಯಕರ್ತೆ ಯಾರಾದರೂ ಸರಿ, ಅಜ್ಜಿಯನ್ನು ಬಾಯಿಬಿಟ್ಟು ಕೇಳಿ. ಬಿಳಿಸೆರಗು ಎಂದು ಆಕೆ ಅಂದರೆ ಅಷ್ಟಕ್ಕೇ ಬಿಡದೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಮತ್ತು ಸ್ತ್ರೀರೋಗ ತಜ್ಞರ ಬಳಿಗೆ ಕರೆದೊಯ್ಯಿರಿ.