ಮೇಲ್ತೋಳಿನ ಅಳತೆ: ಹದಿಹರೆಯದ ಅಪೌಷ್ಟಿಕತೆ ಮತ್ತು ಅದರ ಮಾಪನದ ಚರಿತ್ರೆ

ಮಾನವ ದೇಹವು ಅಳೆಯಲ್ಪಡುವ ವಸ್ತುವಾಗುವುದಕ್ಕೆ ಬಹುಕಾಲ ಮೊದಲೇ ಅಳತೆಯ ಸಾಧನವಾಗಿತ್ತು. ಗೇಣು, ಮೊಳ, ಮಾರು, ಹಿಡಿ, ಬೊಗಸೆಗಳು ಕನ್ನಡ ನಾಡಿನ ದೈನಂದಿನ ವ್ಯವಹಾರದಲ್ಲಿ ಬಳಕೆಯಾದುದು ಸರ್ವವಿದಿತ. ಜನನ ನೋಂದಣಿ ರೂಢಿಯಾಗದ ದಿನಗಳಲ್ಲಿ ಹಳ್ಳಿಯ ಶಾಲೆಗೆ ಸೇರಿಸುವಾಗ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ಶಾಲೆಯ ವಯಸ್ಸು ಬಂದಿತೆಂದು ಲೆಕ್ಕ. ಇದೇ ಪರೀಕ್ಷೆ ಫಿಲಿಪೈನ್ಸ್‌ನ ಹೆಸರಿನಲ್ಲಿ ವೈದ್ಯಕೀಯ ಬರಹಗಳಲ್ಲಿಯೂ ಉಲ್ಲೇಖಗೊಂಡಿದೆ.

ದೇಹದ ಕೃಶತೆಯನ್ನು ಗುರುತಿಸುವುದಕ್ಕೂ ಲೋಕರೂಢಿಯಲ್ಲಿ ಕ್ರಮವೊಂದಿತ್ತು. ಕಾಳಿದಾಸನ ‘ಮೇಘದೂತ’ದ ಯಕ್ಷನು ಎಷ್ಟು ಬಡವಾಗಿದ್ದನೆಂಬುದು ಅವನ ಮುಂಗೈಯಿಂದ ಜಾರಿಬಿದ್ದ ಚಿನ್ನದ ಕಡಗದಿಂದ ತಿಳಿಯುತ್ತದೆ. ಬಳೆ ಸಡಿಲಾಯಿತು, ಉಡಿದಾರ ಜಾರಿತು ಎಂಬ ಮನೆಮಾತುಗಳ ಹಿಂದಿರುವುದೂ ಇದೇ ವಿವೇಕ. ಇಲ್ಲಿ ಹೋಲಿಕೆಯು ಅದೇ ದೇಹದ ಹಿಂದಿನ ಸ್ಥಿತಿಯೊಂದಿಗೇ ಹೊರತು ಅನ್ಯರ ದೇಹದೊಂದಿಗಲ್ಲ. ಆಧುನಿಕ ಮಾಪನವು ಕಳೆದುಕೊಂಡ ಮುಖ್ಯ ಗುಣ ಇದೇ ಇರಬಹುದು.

ತೋಳುಬಂದಿ, ವಂಕಿಗಳು ಕೂರುವ ಮೇಲ್ತೋಳನ್ನೇ ಇಪ್ಪತ್ತನೆಯ ಶತಮಾನದ ಪೋಷಣಾವಿಜ್ಞಾನವೂ ಆರಿಸಿಕೊಂಡಿತು. ಆಹಾರ ಸಾಲದಾದಾಗ ಅಲ್ಲಿನ ಸ್ನಾಯು ಮತ್ತು ಕೊಬ್ಬು ಎರಡೂ ಕರಗುತ್ತವೆ. ಭುಜದ ತುದಿಯಿಂದ ಮೊಣಕೈ ತುದಿಯವರೆಗೆ ದಾರ ಹಿಡಿದು, ಅದನ್ನು ಎರಡಾಗಿ ಮಡಚಿದರೆ ಅಳೆಯಬೇಕಾದ ಮಧ್ಯಬಿಂದು ದೊರೆಯುತ್ತದೆ. ಡೆರಿಕ್ ಜೆಲಿಫ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1966ರಲ್ಲಿ ರಚಿಸಿದ ಕೈಪಿಡಿಯು ಇಂತಹ ಸರಳ ಅಳತೆಗಳಿಗೆ ಶಾಸ್ತ್ರೀಯ ಸ್ಥಾನ ಒದಗಿಸಿತು. ಮುಂದೆ 1967ರಿಂದ 1970ರವರೆಗಿನ ನೈಜೀರಿಯಾದ ಅಂತರ್ಯುದ್ಧದಲ್ಲಿ ಕ್ವೇಕರ್ ಪರಿಹಾರ ತಂಡದವರು ಒಂದು ಕೋಲನ್ನು ಬಳಸಿದರು. ಆ ಕೋಲಿನ ಮೇಲೆ ಎತ್ತರದ ಅಂಕಿಗಳ ಬದಲು ತೋಳಿನ ಸುತ್ತಳತೆಯ ಅಂಕಿಗಳನ್ನು ಗುರುತಿಸಲಾಗಿತ್ತು. ತನ್ನ ತೋಳಿನ ಅಂಕಿಗಿಂತ ಮಗು ಎತ್ತರವಾಗಿ ನಿಂತರೆ ಅದು ಸೊರಗಿದೆ ಎಂದು ಅರ್ಥ. ವಯಸ್ಸು ಗೊತ್ತಿಲ್ಲದ ನಿರಾಶ್ರಿತ ಮಕ್ಕಳ ಮಧ್ಯೆ ಇದೊಂದು ಜಾಣ ಉಪಾಯವೇ ಸರಿ. 1974ರಲ್ಲಿ ಶಾಕಿರ್ ಮತ್ತು ಡೇವಿಡ್ ಮಾರ್ಲಿ ಅವರು ಪ್ರಚುರಪಡಿಸಿದ ಪಟ್ಟಿಯು ಕೋಲನ್ನೂ ಕೈಬಿಟ್ಟಿತು. 13.5 ಸೆಂ.ಮೀ.ಗಿಂತ ಮೇಲೆ ಹಸಿರು, 12.5ಕ್ಕಿಂತ ಕೆಳಗೆ ಕೆಂಪು, ನಡುವೆ ಹಳದಿ. ಅಕ್ಷರ ಬಾರದವರೂ ಬಳಸಬಹುದಾದ ಸಾಧನವಿದು.

ಒಂದರಿಂದ ಐದು ವರ್ಷದವರೆಗೆ ಆರೋಗ್ಯವಂತ ಮಗುವಿನ ತೋಳಿನ ಸುತ್ತಳತೆ ಹೆಚ್ಚೇನೂ ಬದಲಾಗದಿರುವುದೇ ಈ ಪಟ್ಟಿಯ ಯಶಸ್ಸಿನ ಗುಟ್ಟು. ಹದಿಹರೆಯದಲ್ಲಿ ಈ ಸ್ಥಿರತೆ ಉಳಿಯುವುದಿಲ್ಲ. ಹತ್ತರಿಂದ ಹತ್ತೊಂಬತ್ತರವರೆಗಿನ ಅವಧಿಯಲ್ಲಿ ಎಲುಬು, ಸ್ನಾಯು, ಕೊಬ್ಬು ಮೂರೂ ಬೇರೆಬೇರೆ ವೇಗದಲ್ಲಿ ಬೆಳೆಯುತ್ತವೆ. ಗಂಡು ಹೆಣ್ಣುಗಳಲ್ಲಿ ಆ ವೇಗವೂ ಬೇರೆ. ಆದಕಾರಣ ಈ ವಯೋಮಾನಕ್ಕೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂಚ್ಯಂಕವೇ ಪ್ರಧಾನವಾಯಿತು. ಆದರೆ ಇದರ ಮೂಲಪುರುಷನಾದ ಬೆಲ್ಜಿಯಂನ ಅಡಾಲ್ಫ್ ಕ್ವೆಟೆಲೆ, ವರ್ಗದ ನಿಯಮವು ವಯಸ್ಕರಿಗೆ ಹೊಂದುವುದೇ ವಿನಾ ಬೆಳೆಯುವ ವಯಸ್ಸಿನವರಿಗಲ್ಲವೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡುಕೊಂಡಿದ್ದನು. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಹೋದ್ಯೋಗಿಗಳು ಸೂಚ್ಯಂಕಕ್ಕೆ ಇಂದಿನ ಹೆಸರನ್ನಿಟ್ಟಾಗಲೂ ಅವರ ಅಧ್ಯಯನ ವಯಸ್ಕ ಪುರುಷರದ್ದಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1995ರಲ್ಲಿ ಹದಿಹರೆಯದವರಿಗೆ ವಯಸ್ಸಿನೊಡನೆ ಹೊಂದಿಸಿದ ಸೂಚ್ಯಂಕವನ್ನು ಶಿಫಾರಸು ಮಾಡಿದರು. 2007ರಲ್ಲಿ ಐದರಿಂದ ಹತ್ತೊಂಬತ್ತು ವರ್ಷದವರಿಗೆ ಹೊಸ ಕೋಷ್ಟಕ ಬಂದಿತು. ಎರಡಕ್ಕೂ ಆಧಾರ ಅಮೆರಿಕದ ಮಕ್ಕಳ ಅಳತೆಗಳು. ಅರೆಹೊಟ್ಟೆಯಲ್ಲಿ ಬೆಳೆದ ಹುಡುಗಿ ಮೈನೆರೆಯುವುದು ತಡವಾಗುತ್ತದೆ. ಅವಳನ್ನು ಆಗಲೇ ಮೈನೆರೆದ ಸಮವಯಸ್ಕಳೊಂದಿಗೆ ಹೋಲಿಸಿದಾಗ ಬರುವ ಅಂಕಿ ಕೃಶತೆಯನ್ನು ಹೇಳುತ್ತದೆಯೋ ವಿಳಂಬವನ್ನು ಹೇಳುತ್ತದೆಯೋ ಸ್ಪಷ್ಟವಾಗದು. ಇದಕ್ಕೆ ಪ್ರತಿಯಾಗಿ, ಬಾಲ್ಯದಲ್ಲಿಯೇ ಕುಳ್ಳಾಗಿ ಉಳಿದವಳ ಸೂಚ್ಯಂಕವು ಸರಿಯಾಗಿಯೇ ಕಂಡು, ಅವಳ ಹಸಿವಿನ ಚರಿತ್ರೆ ಮರೆಯಾಗಲೂಬಹುದು.

ಭಾರತದ ಸಂದರ್ಭದಲ್ಲಿ ಇದು ಕೇವಲ ಶಾಸ್ತ್ರಚರ್ಚೆಯಲ್ಲ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯು ಹದಿಹರೆಯದವರಲ್ಲಿ ಶೇಕಡಾ 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದವರೆಂದು ದಾಖಲಿಸಿತು. ಅಂಗನವಾಡಿಯ ತಕ್ಕಡಿಯಿಂದ ಇಳಿದ ಹೆಣ್ಣುಮಗುವಿನ ತೂಕವನ್ನು ಮತ್ತೆ ನಿಯಮಿತವಾಗಿ ನೋಡುವುದು ಬಹುಮಟ್ಟಿಗೆ ಅವಳು ಗರ್ಭಿಣಿಯಾದಾಗಲೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹದಿನೆಂಟು ವರ್ಷದವರೆಗಿನ ತಪಾಸಣೆಯನ್ನು ಒಳಗೊಂಡು ಈ ಕಂದಕವನ್ನು ತುಂಬಲು ಯತ್ನಿಸಿದೆ.

ತಕ್ಕಡಿ, ಎತ್ತರದ ಹಲಗೆ, ಗುಣಾಕಾರ ಭಾಗಾಕಾರಗಳಿಲ್ಲದ ತೋಳಿನ ಪಟ್ಟಿಯು ಶಾಲೆಯ ಅಂಗಳಕ್ಕೆ ಹೆಚ್ಚು ಒಗ್ಗುತ್ತದೆ; ತೋಳನ್ನಷ್ಟೇ ಸರಿಸಿ ಅಳೆಯುವುದರಿಂದ ಹುಡುಗಿಯರಿಗೆ ಸಂಕೋಚವೂ ಕಡಿಮೆ. 2017ರಲ್ಲಿ ಐದರಿಂದ ಹತ್ತೊಂಬತ್ತು ವರ್ಷದವರಿಗೆ ಮೇಲ್ತೋಳಿನ ಸುತ್ತಳತೆಯ ಕೋಷ್ಟಕವೊಂದು ಪ್ರಕಟವಾಯಿತು. ಅದೂ ವಯಸ್ಸನ್ನೇ ಕೇಳುತ್ತದೆ. ವಯಸ್ಸು ಈಗ ಶಾಲೆಯ ದಾಖಲೆಯಲ್ಲಿದೆ, ಕಿವಿ ಮುಟ್ಟಿಸಬೇಕಾಗಿಲ್ಲ; ಆದರೆ ದೇಹವು ಬೆಳವಣಿಗೆಯ ಯಾವ ಹಂತದಲ್ಲಿದೆಯೆಂಬುದು ಆ ದಾಖಲೆಯಲ್ಲಿಲ್ಲ.